ಚಿಕ್ಕ ಗಾಲಿಯ ದೊಡ್ಡ ಲೆಕ್ಕ

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪ್ ಎಂಬುದು ಬರಿಯ ವಾಹನವಲ್ಲ. ಅದು ಮನೆಯ ಒಬ್ಬ ಆಳು. ಗೊಬ್ಬರದ ಮೂಟೆ, ಕಾಫಿಯ ಚೀಲ, ಜ್ವರ ಬಂದ ಮಗು, ಶಾಲೆಯ ಬಸ್ಸು ಹಿಡಿಯಬೇಕಾದ ಮಕ್ಕಳು - ಎಲ್ಲರನ್ನೂ ಹೊತ್ತು ಕೆಸರಿನ ಏರು ಹತ್ತಿಸುವುದು ಅದೇ. ಮಹೀಂದ್ರ ಕಂಪೆನಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲೀಸ್ ಜೀಪ್‌ಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ ಕಾಲದಿಂದ ಈ ನಂಟು ಬೆಳೆದಿದೆ. ಅಂದಿನ ವಿಲ್ಲೀಸ್ ಗಾಲಿ 16 ಇಂಚಿನದು. ಅದೇ ಕಂಪೆನಿಯ ಹೊಸ ಥಾರ್ 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದಾಗ, ಮೇಲಿನ ದರ್ಜೆಯ ಮಾದರಿಗೆ 18 ಇಂಚಿನ ಅಲಾಯ್ ವೀಲ್ ಇತ್ತು.

ಈಗ ಇಂಥ ಗಾಡಿ ಇರುವ ಮನೆಗಳಲ್ಲಿ ಒಂದು ವಾದ ಆಗಾಗ ಕೇಳಿಬರುತ್ತದೆ. ಕಾಲೇಜಿನಿಂದ ರಜೆಗೆ ಬಂದ ಮಗ, ‘ಅಪ್ಪಾ, ಈ ಹದಿನೆಂಟು ಇಂಚಿನ ರಿಮ್ ತೆಗೆಸಿ ಹದಿನಾರರದ್ದು ಹಾಕಿಸೋಣ’ ಎನ್ನುತ್ತಾನೆ. ‘ದೊಡ್ಡ ಗಾಲಿ ಇದ್ದರಲ್ಲವೇನೋ ಗುಂಡಿ ಹತ್ತೋದು? ದುಡ್ಡು ಕೊಟ್ಟು ಯಾರಾದರೂ ಚಿಕ್ಕದು ಮಾಡಿಸ್ತಾರಾ?’ ಎಂದು ಅಪ್ಪ ಗದರುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಇರುವುದು ಹೈಸ್ಕೂಲಿನ ಗಣಿತದಲ್ಲಿ.

ಚಿಕ್ಕದಾಗುವುದು ಯಾವುದು?

ಗಾಲಿ ಎಂದು ಒಟ್ಟಾಗಿ ಕರೆಯುವುದರಲ್ಲಿ ಎರಡು ಭಾಗಗಳಿವೆ: ಒಳಗಿನ ಲೋಹದ ರಿಮ್, ಹೊರಗಿನ ರಬ್ಬರಿನ ಟೈರ್. ಗುಂಡಿ ಹತ್ತಲು ಬೇಕಾಗುವುದು ಟೈರಿನ ಹೊರಗಿನ ಒಟ್ಟು ಎತ್ತರ. ಅಪ್ಪನ ಮಾತು ಅಲ್ಲಿಗೆ ಸರಿ. ರಿಮ್ ಚಿಕ್ಕದಾಗಿ, ಅಷ್ಟೇ ಎತ್ತರವನ್ನು ಟೈರಿನ ಪಕ್ಕೆ ತುಂಬಿಕೊಟ್ಟರೆ, ನೆಲಕ್ಕೂ ಲೋಹಕ್ಕೂ ನಡುವೆ ಹೆಚ್ಚು ರಬ್ಬರ್ ಮತ್ತು ಗಾಳಿ ಸಿಗುತ್ತದೆ. ಕಲ್ಲಿಗೆ ಬಡಿದಾಗ ರಿಮ್ ಬಾಗುವ, ಬಿರುಕು ಬಿಡುವ ಭಯ ಕಡಿಮೆಯಾಗುತ್ತದೆ. ಮಗನ ಮಾತು ಇಲ್ಲಿ ಸರಿ.

ಇನ್ನೂ ಒಂದು ಲಾಭವಿದೆ. ಕೆಸರು, ಮರಳಿನಲ್ಲಿ ಓಡಿಸುವವರು ಟೈರಿನ ಗಾಳಿಯನ್ನು ಸ್ವಲ್ಪ ಇಳಿಸುತ್ತಾರೆ. ಒಂದು ಗಾಲಿಯ ಮೇಲೆ 450 ಕಿಲೋ ಭಾರವಿದೆ ಎನ್ನೋಣ. ಗಾಳಿಯ ಒತ್ತಡ 30 ಪಿ.ಎಸ್.ಐ., ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರ್ ನೆಲಕ್ಕೆ ತಾಗುವ ಜಾಗ ಸ್ಥೂಲವಾಗಿ 213 ಚದರ ಸೆಂಟಿಮೀಟರ್. ಒತ್ತಡವನ್ನು 18ಕ್ಕೆ ಇಳಿಸಿದರೆ ಅದು ಸುಮಾರು 355 ಆಗುತ್ತದೆ. ಹೆಜ್ಜೆ ಅಗಲವಾದಷ್ಟೂ ಗಾಡಿ ಹೂತುಹೋಗುವುದು ಕಡಿಮೆ. ಹೀಗೆ ಟೈರ್ ಚಪ್ಪಟೆಯಾಗಲು ಪಕ್ಕೆ ಎತ್ತರವಿರಬೇಕು. ಆದರೆ ಟಾರು ರಸ್ತೆಗೆ ಮರಳುವ ಮುನ್ನ ಗಾಳಿ ತುಂಬಿಸಲೇಬೇಕು. ಇಲ್ಲದಿದ್ದರೆ ವೇಗದಲ್ಲಿ ಟೈರ್ ಕಾದು ಒಡೆಯುವ ಅಪಾಯವಿದೆ.

ಟೈರಿನ ಮೇಲಿನ ಅಂಕಿಗಳು

ಮೇಲಿನ ದರ್ಜೆಯ ಥಾರ್ ಟೈರಿನ ಮೇಲೆ 255/65 ಆರ್ 18 ಎಂದಿದೆ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಆದರೆ ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮೂರು ಅಂಕಿಗೆ ಮೂರು ಬಗೆಯ ಅಳತೆ. ಗೊಂದಲ ಹುಟ್ಟುವುದೇ ಇಲ್ಲಿ.

255ರ ಶೇ. 65 ಎಂದರೆ 165.75 ಮಿ.ಮೀ. ಪಕ್ಕೆ ಮೇಲೊಂದು, ಕೆಳಗೊಂದು. ಎರಡೂ ಸೇರಿ 331.5. ಇಂಚಿಗೆ 25.4ರಂತೆ 18 ಇಂಚಿನ ರಿಮ್ 457.2 ಮಿ.ಮೀ. ಒಟ್ಟು ವ್ಯಾಸ 788.7 ಮಿ.ಮೀ.

ಅದೇ ಥಾರ್‌ನ ಕೆಳ ದರ್ಜೆಯ ಮಾದರಿಗೆ ಕಂಪೆನಿಯೇ ಕೊಟ್ಟದ್ದು 245/75 ಆರ್ 16. ಅದರ ಪಕ್ಕೆ 183.75 ಮಿ.ಮೀ., ಒಟ್ಟು ವ್ಯಾಸ 773.9 ಮಿ.ಮೀ. ರಿಮ್ ಎರಡು ಇಂಚು, ಅಂದರೆ ಸುಮಾರು 51 ಮಿ.ಮೀ. ಚಿಕ್ಕದಾದರೂ ಟೈರ್ ಚಿಕ್ಕದಾದದ್ದು ಕೇವಲ 15 ಮಿ.ಮೀ. ಪಕ್ಕೆ ಮಾತ್ರ 18 ಮಿ.ಮೀ. ಎತ್ತರವಾಯಿತು.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್. ಅದರ ಕೆಲವು ಮಾದರಿಗಳಿಗೆ 255/65 ಆರ್ 18, ಮೇಲಿನವಕ್ಕೆ 255/60 ಆರ್ 19 ಟೈರುಗಳಿವೆ. ಎರಡನೆಯದನ್ನು ಕೂಡಿಸಿ ನೋಡಿದರೆ 788.6 ಮಿ.ಮೀ. ಬರುತ್ತದೆ. ರಿಮ್ಮಿನಲ್ಲಿ ಒಂದು ಇಂಚಿನ ಅಂತರ. ಹೊರಗಿನ ವ್ಯಾಸದಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ! ಕಾರ್ಖಾನೆಯ ಎಂಜಿನಿಯರರು ಕಾಪಾಡಿಕೊಂಡದ್ದು ಯಾವ ಅಂಕಿಯನ್ನು ಎಂಬುದು ಇದರಿಂದ ತಿಳಿಯುತ್ತದೆ.

ಹೊರಗಿನ ವ್ಯಾಸ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ. ಅದು ಎಣಿಸುವುದು ಗಾಲಿಯ ಸುತ್ತುಗಳನ್ನು, ರಸ್ತೆಯ ಉದ್ದವನ್ನಲ್ಲ. 788.7 ಮಿ.ಮೀ. ವ್ಯಾಸದ ಟೈರ್ ಒಂದು ಕಿಲೋಮೀಟರಿಗೆ ಸುಮಾರು 404 ಸುತ್ತು ಸುತ್ತಿದರೆ, 773.9ರದ್ದು ಸುಮಾರು 411 ಸುತ್ತು ಸುತ್ತಬೇಕು. ಮೊದಲಿನದಕ್ಕೆ ಹೊಂದಿಸಿದ ಮೀಟರ್ 100 ತೋರಿಸುವಾಗ ನಿಜವಾದ ವೇಗ 98. ಇದು ಸಣ್ಣ ವ್ಯತ್ಯಾಸ. ಆದರೆ ಅಗ್ಗಕ್ಕೆ ಸಿಕ್ಕಿತೆಂದು 16ರ ರಿಮ್ಮಿಗೆ 235/65ರ ಟೈರ್ ಹಾಕಿದರೆ ವ್ಯಾಸ 711.9ಕ್ಕೆ ಇಳಿಯುತ್ತದೆ. ಮೀಟರ್ 100 ಎಂದರೂ ಗಾಡಿ ಓಡುವುದು 90ರಲ್ಲಿ. ಗಾಡಿಯ ಹೊಟ್ಟೆ ವ್ಯಾಸದ ಇಳಿಕೆಯ ಅರ್ಧದಷ್ಟು, ಅಂದರೆ 38 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ. ಕಲ್ಲು ದಾಟಲೆಂದು ಮಾಡಿದ ಖರ್ಚು ಕಲ್ಲಿಗೆ ಬಡಿಯುವುದರಲ್ಲಿ ಮುಗಿಯುತ್ತದೆ.

ಬ್ರೇಕಿಗೆ ಜಾಗ ಬೇಕು

ರಿಮ್ ಚಿಕ್ಕದು ಮಾಡುವಾಗ ಎದುರಾಗುವ ಮೊದಲ ಗೋಡೆ ಬ್ರೇಕ್. ಡಿಸ್ಕ್ ಬ್ರೇಕಿನ ತಟ್ಟೆ, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ - ಎರಡೂ ರಿಮ್ಮಿನ ಒಳಗೇ ಇರಬೇಕು. 16 ಇಂಚು ಎಂಬ ಅಳತೆ ಟೈರ್ ಕೂರುವ ಅಂಚಿನದು. ರಿಮ್ಮಿನ ನಡುಭಾಗ ತಗ್ಗಾಗಿರುವುದರಿಂದ ಒಳಗಿನ ಜಾಗ ಅದಕ್ಕಿಂತ ಕಡಿಮೆ. ಒಂದೇ ಅಳತೆಯ ಎರಡು ರಿಮ್‌ಗಳಲ್ಲಿ ಕಡ್ಡಿಗಳ ಆಕಾರ ಬೇರೆಯಾದರೆ, ಒಂದು ಕ್ಯಾಲಿಪರನ್ನು ದಾಟಿ ಇನ್ನೊಂದು ಅದಕ್ಕೆ ಉಜ್ಜಬಹುದು.

ತಯಾರಕರು ಅದೇ ವಾಹನದ ಬೇರೊಂದು ದರ್ಜೆಗೆ ಚಿಕ್ಕ ಗಾಲಿ ಕೊಟ್ಟಿದ್ದರೆ ಅದು ಒಳ್ಳೆಯ ಸೂಚನೆ. ಆದರೂ ಎರಡೂ ದರ್ಜೆಗಳ ಬ್ರೇಕ್ ಒಂದೇ ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಕೊಳ್ಳುವ ಮುನ್ನ ಟೈರ್ ಇಲ್ಲದ ಬರಿ ರಿಮ್ಮನ್ನು ಹಬ್ಬಿಗೆ ಹಾಕಿ, ನಟ್ಟು ಬಿಗಿದು, ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಿ ನೋಡುವುದು ಉತ್ತಮ. ಎಲ್ಲೂ ತಾಗಬಾರದು, ಎಲ್ಲ ಕಡೆಯೂ ಕೆಲವು ಮಿಲಿಮೀಟರ್ ಸಂದು ಕಾಣಬೇಕು. ‘ಕ್ಯಾಲಿಪರ್ ಸ್ವಲ್ಪ ಉಜ್ಜಿ ಕೂರಿಸಿಬಿಡೋಣ’ ಎಂದು ಅಂಗಡಿಯವರು ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಉಜ್ಜಿ ತೆಗೆಯುವುದು ಇಡೀ ಸಂಸಾರದ ಪ್ರಾಣ ಕಾಯುವ ಭಾಗದ ಶಕ್ತಿಯನ್ನು.

ಐದು ತೂತುಗಳ ರೇಖಾಗಣಿತ

ರಿಮ್ಮನ್ನು ಹಬ್ಬಿಗೆ ಬಿಗಿಯುವ ತೂತುಗಳ ನಡುಬಿಂದುಗಳನ್ನು ಸೇರಿಸಿ ಒಂದು ವೃತ್ತ ಎಳೆದರೆ, ಅದರ ವ್ಯಾಸಕ್ಕೆ ಪಿ.ಸಿ.ಡಿ. ಎಂದು ಹೆಸರು. ಹಳೆಯ ವಿಲ್ಲೀಸ್ ಜೀಪಿನಲ್ಲಿ ಐದು ತೂತು, 139.7 ಮಿ.ಮೀ. ಅಮೆರಿಕದಲ್ಲಿ 1987ರ ಮಾದರಿಯಾಗಿ ಬಂದ ಜೀಪ್ ರ‍್ಯಾಂಗ್ಲರ್‌ನಲ್ಲಿ ಅದು 114.3 ಆಯಿತು; 2007ರ ಮಾದರಿಯಿಂದ 127. ಒಂದೇ ವಂಶದ ಮೂರು ಗಾಡಿಗಳು, ಮೂರರಲ್ಲೂ ಐದೇ ತೂತು. ಆದರೂ ಒಂದರ ಗಾಲಿ ಇನ್ನೊಂದಕ್ಕೆ ಬಾರದು. ‘ಜೀಪಿನ ರಿಮ್, ಐದು ತೂತು’ ಎಂಬ ಮಾತನ್ನು ನಂಬಿ ದುಡ್ಡು ಕೊಡಬಾರದು ಎಂಬುದಕ್ಕೆ ಇದೇ ಸಾಕ್ಷಿ.

ಐದು ತೂತಿನ ರಿಮ್ಮಿನಲ್ಲಿ ಒಂದು ತೂತಿಗೆ ನೇರ ಎದುರಾಗಿ ಇನ್ನೊಂದಿಲ್ಲ. ಆದ್ದರಿಂದ ವ್ಯಾಸವನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಇಲ್ಲಿ ಶಾಲೆಯ ತ್ರಿಕೋನಮಿತಿ ನೆರವಿಗೆ ಬರುತ್ತದೆ. ಪಕ್ಕಪಕ್ಕದ ಎರಡು ತೂತುಗಳು ವೃತ್ತದ ಕೇಂದ್ರದಲ್ಲಿ 72 ಡಿಗ್ರಿ ಕೋನ ಮಾಡುತ್ತವೆ. ಅವುಗಳ ನಡುವಿನ ದೂರವೆಂದರೆ ವ್ಯಾಸವನ್ನು 36 ಡಿಗ್ರಿಯ ಸೈನ್‌ನಿಂದ, ಅಂದರೆ 0.588ರಿಂದ ಗುಣಿಸಿದಷ್ಟು. ಆ ದೂರ 82.1 ಮಿ.ಮೀ. ಇದ್ದರೆ, 0.588ರಿಂದ ಭಾಗಿಸಿದಾಗ ಹೆಚ್ಚುಕಡಿಮೆ 139.7 ಬರುತ್ತದೆ. ಹತ್ತನೇ ತರಗತಿಯ ಹುಡುಗಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಮನೆಯಂಗಳದಲ್ಲೇ ಇದನ್ನು ಮಾಡಬಲ್ಲಳು. ‘ಸೈನ್ ತೀಟಾ ಕಲಿತು ಏನು ಉಪಯೋಗ?’ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಪಿ.ಸಿ.ಡಿ. ಹೊಂದಿದರೂ ರಿಮ್ಮಿನ ನಡುವಿನ ದೊಡ್ಡ ತೂತನ್ನು ನೋಡಬೇಕು. ಹಬ್ಬಿನ ಉಬ್ಬಿಗಿಂತ ಅದು ಕಿರಿದಾದರೆ ಗಾಲಿ ಕೂರುವುದೇ ಇಲ್ಲ. ಸಡಿಲವಾಗಿ, ಕೇಂದ್ರ ತಪ್ಪಿ ಕೂತರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ನಟ್ಟಿನ ತಳವೂ ಮುಖ್ಯ. ಶಂಕುವಿನಾಕಾರದ ತಳದ ನಟ್ಟನ್ನು ಗುಂಡು ತಳಕ್ಕೆ ಮಾಡಿದ ತೂತಿಗೆ ಬಿಗಿದರೆ, ಬಿಗಿಯಾದಂತೆ ಕಂಡರೂ ಹಿಡಿತವಿರುವುದಿಲ್ಲ.

ಒಳಗೆಷ್ಟು, ಹೊರಗೆಷ್ಟು

ರಿಮ್ಮಿನ ಒಳಮೈಯಲ್ಲಿ ಇ.ಟಿ. ಎಂಬ ಅಕ್ಷರಗಳ ಮುಂದೆ ಒಂದು ಅಂಕಿ ಇರುತ್ತದೆ. ಇದು ಆಫ್‌ಸೆಟ್: ರಿಮ್ಮಿನ ಅಗಲದ ನಡುಗೆರೆಗೂ ಹಬ್ಬಿಗೆ ಅಂಟುವ ಮುಖಕ್ಕೂ ಇರುವ ಅಂತರ. ಈ ಅಂಕಿ ಕಡಿಮೆಯಾದಂತೆ ಗಾಲಿ ಹೊರಕ್ಕೆ ಚಾಚುತ್ತದೆ.

7 ಇಂಚು ಅಗಲ, 40 ಆಫ್‌ಸೆಟ್ ಇದ್ದ ಗಾಲಿಯ ಜಾಗದಲ್ಲಿ 8 ಇಂಚು ಅಗಲ, 20 ಆಫ್‌ಸೆಟ್‌ನದು ಬಂತು ಎನ್ನೋಣ. ಅಗಲ ಹೆಚ್ಚಿದ್ದರಿಂದ ಹೊರ ಅಂಚು 12.7 ಮಿ.ಮೀ., ಆಫ್‌ಸೆಟ್ ಇಳಿದದ್ದರಿಂದ ಇನ್ನೂ 20 ಮಿ.ಮೀ., ಒಟ್ಟು 32.7 ಮಿ.ಮೀ. ಹೊರಬಂದಂತಾಯಿತು. ನೋಟಕ್ಕೆ ಗಾಡಿ ಎದೆಯುಬ್ಬಿಸಿ ನಿಂತಂತೆ ಕಾಣುತ್ತದೆ, ನಿಜ. ಆದರೆ ಕೆಸರು ಮಡ್‌ಗಾರ್ಡ್ ದಾಟಿ ಬಾಗಿಲಿಗೆ ಸಿಡಿಯುತ್ತದೆ. ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿದಾಗ ಟೈರ್ ಬಾಡಿಗೆ ಉಜ್ಜಬಹುದು.

ಭಾರ, ಗುರುತು, ಕಾನೂನು

ಟೈರಿನ ಅಳತೆಯ ಪಕ್ಕದಲ್ಲಿ 104 ಎಸ್ ಎಂಬಂಥ ಬರಹವಿರುತ್ತದೆ. 104 ಎಂದರೆ ಆ ಟೈರ್ 900 ಕಿಲೋ ಹೊರಬಲ್ಲದು. ಎಸ್ ಎಂದರೆ ಗಂಟೆಗೆ 180 ಕಿ.ಮೀ. ವೇಗ ತಾಳಬಲ್ಲದು. ಹೊಸ ಟೈರಿನ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ರಿಮ್ಮಿಗೂ ಭಾರದ ಮಿತಿ ಉಂಟು. ಐ.ಎಸ್.ಐ. ಗುರುತು ಇದೆಯೇ, ಆಮದಾದದ್ದರ ಮೇಲೆ ಜಪಾನಿನ ಜೆ.ಡಬ್ಲ್ಯು.ಎಲ್.ನಂಥ ಗುರುತು ಇದೆಯೇ ಎಂದು ನೋಡಬೇಕು. ಹೊಳಪಿನಲ್ಲಿ ಅಸಲಿಗೂ ನಕಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಘಾಟಿಯ ತಿರುವಿನಲ್ಲಿ ತಿಳಿಯುತ್ತದೆ.

ಗಾಲಿ ನಾಲ್ಕಲ್ಲ, ಐದು ಬೇಕು. ಥಾರ್‌ನಂಥ ಗಾಡಿಯಲ್ಲಿ ಫೋರ್ ವೀಲ್ ಡ್ರೈವ್ ಹಾಕಿದಾಗ ಹಿಂದಿನ ಮುಂದಿನ ಆಕ್ಸಲ್‌ಗಳು ಒಂದಕ್ಕೊಂದು ಕಟ್ಟಿಹಾಕಿದಂತೆ ಒಂದೇ ವೇಗದಲ್ಲಿ ತಿರುಗುತ್ತವೆ. ಸ್ಟೆಪ್ನಿ ಮಾತ್ರ ಬೇರೆ ವ್ಯಾಸದ್ದಾದರೆ ಆ ಜಗ್ಗಾಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಮಾಡಿತು. ಆದ್ದರಿಂದ ಅದೇ ಮಾದರಿಗೆ ಕಂಪೆನಿಯೇ ಒಪ್ಪಿದ ಅಳತೆಯೊಳಗೆ ಇರುವುದು ಜಾಣತನ. ಆರ್.ಟಿ.ಓ. ಕಚೇರಿಯಲ್ಲಿ, ವಿಮಾ ಕಂಪೆನಿಯಲ್ಲಿ ಮೊದಲೇ ಕೇಳಿಕೊಂಡರೆ ನಷ್ಟವೇನಿಲ್ಲ.

ಕೂತರೆ ಸಾಲದು

ಹೊಸ ಗಾಲಿ ಹಾಕಿದ ದಿನ ನಟ್ಟುಗಳನ್ನು ಸುತ್ತಲೂ ಸಾಲಾಗಿ ಅಲ್ಲ, ನಕ್ಷತ್ರ ಬರೆದಂತೆ ಒಂದು ಬಿಟ್ಟು ಒಂದನ್ನು, ಕಂಪೆನಿ ಹೇಳಿದಷ್ಟೇ ಬಲದಲ್ಲಿ ಬಿಗಿಯಬೇಕು. ಐವತ್ತು-ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

‘ಕೂರುತ್ತೆ ಸಾರ್, ಏನೂ ತೊಂದರೆ ಇಲ್ಲ’ ಎಂಬುದು ಅಂಗಡಿಯ ಮಾತು. ಗಾಲಿ ಕೂರುವುದು ಬೇರೆ, ಹೊಂದುವುದು ಬೇರೆ. ವ್ಯಾಸ, ಬ್ರೇಕಿನ ಜಾಗ, ಪಿ.ಸಿ.ಡಿ., ನಡುತೂತು, ಆಫ್‌ಸೆಟ್, ಭಾರ - ಈ ಆರರಲ್ಲಿ ಐದು ಸರಿಯಾಗಿ ಒಂದು ತಪ್ಪಿದರೂ ಅದು ಹೊಂದಿದಂತಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ರಜೆಗೆ ಬಂದ ಮಗ ಚಿಕ್ಕ ಗಾಲಿ ಕೇಳಿದರೆ ಗದರುವ ಅಗತ್ಯವಿಲ್ಲ. ಒಂದು ಹಾಳೆ, ಪೆನ್ಸಿಲ್, ಅಳತೆಪಟ್ಟಿ ಕೊಟ್ಟು ಈ ಆರು ಅಂಕಿಗಳನ್ನು ಬರೆದು ತರಲು ಹೇಳಿದರೆ ಸಾಕು. ಬರೆದು ತಂದರೆ ಅವನ ಬೇಡಿಕೆ ಹಠವಲ್ಲ, ವಿಚಾರ ಎಂದು ಗೊತ್ತಾಗುತ್ತದೆ. ತರಲಾಗದಿದ್ದರೆ, ಹದಿನೆಂಟು ಇಂಚಿನ ಹಳೆಯ ಗಾಲಿ ಇನ್ನೊಂದು ಮಳೆಗಾಲ ಉರುಳಿದರೂ ಅಡ್ಡಿಯಿಲ್ಲ.