ಕಿಮೋ ಚಿಕಿತ್ಸೆಯಲ್ಲಿ ಮೂತ್ರಕೋಶದ ಕಾಳಜಿ



ಕ್ಯಾನ್ಸರ್‌ಗೆ ಕಿಮೋ ಕೊಡುತ್ತಾರೆ ಅಂದ ಕೂಡಲೇ ನಮಗೆ ನೆನಪಾಗುವುದು ಕೂದಲು ಉದುರುವುದು, ವಾಂತಿ, ಸುಸ್ತು. ಇವನ್ನೆಲ್ಲ ಹೇಳಿಕೊಳ್ಳುತ್ತೇವೆ. ಆದರೆ ಒಂದಕ್ಕೆ ಹೋಗುವಾಗ ಉರಿ, ರಕ್ತ ಕಂಡರೆ ಹೇಳಲು ನಾಚಿಕೆ. "ಉಷ್ಣ ಆಗಿರಬೇಕು, ಎಳನೀರು ಕುಡಿದರೆ ಸರಿ ಹೋಗುತ್ತೆ" ಅಂತ ಸುಮ್ಮನಾಗುತ್ತೇವೆ. ಕಿಮೋ ತೆಗೆದುಕೊಳ್ಳುವವರಿಗೆ ಇದು ಬರೀ ಉಷ್ಣವಲ್ಲ, ಔಷಧಿಯ ಅಡ್ಡಪರಿಣಾಮ ಇರಬಹುದು.

ಯಾಕೆ ಹೀಗಾಗುತ್ತದೆ?

ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯನ್ನು ಸ್ತನ ಕ್ಯಾನ್ಸರ್ ಮತ್ತು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ಕೊಡುತ್ತಾರೆ. ಐಫಾಸ್ಫಮೈಡ್ ಎಂಬುದನ್ನು ಕೆಲವು ಮೂಳೆ ಕ್ಯಾನ್ಸರ್‌ಗಳಿಗೆ ಕೊಡುತ್ತಾರೆ. ಇವು ದೇಹದಲ್ಲಿ ಬದಲಾಗುವಾಗ ಅಕ್ರೋಲಿನ್ ಎಂಬ ಸುಡುವ ವಸ್ತು ಹುಟ್ಟಿ ಮೂತ್ರದ ಜೊತೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈಯನ್ನು ತೊಳೆಯದೆ ಬಿಟ್ಟರೆ ಉರಿ ಹೆಚ್ಚುತ್ತದಲ್ಲ, ಹಾಗೆಯೇ ಮೂತ್ರ ತಡೆದಷ್ಟೂ ಒಳಪದರ ಸುಟ್ಟು ಹುಣ್ಣಾಗುತ್ತದೆ, ರಕ್ತ ಬರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಔಷಧಿಯ ಪ್ರಮಾಣ ಹೆಚ್ಚಿದ್ದವರಿಗೆ, ಕಿಬ್ಬೊಟ್ಟೆಗೆ ರೇಡಿಯೇಷನ್ ಆದವರಿಗೆ ಅಪಾಯ ಜಾಸ್ತಿ.

ತಡೆಯುವುದು ಹೇಗೆ?

1. ಕಿಮೋ ದಿನ ಮತ್ತು ನಂತರದ ಒಂದೆರಡು ದಿನ ಚೆನ್ನಾಗಿ ನೀರು ಕುಡಿಯಿರಿ. ಸಾಮಾನ್ಯವಾಗಿ ದಿನಕ್ಕೆ 2ರಿಂದ 3 ಲೀಟರ್ ಹೇಳುತ್ತಾರೆ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಎಷ್ಟು ಎಂದು ಡಾಕ್ಟರನ್ನೇ ಕೇಳಿ.

2. ಎರಡು ಗಂಟೆಗೊಮ್ಮೆ ಮೂತ್ರ ಮಾಡಿ. ಮಲಗುವ ಮೊದಲು, ರಾತ್ರಿ ಎಚ್ಚರವಾದಾಗಲೂ ಹೋಗಿ ಬನ್ನಿ.

3. ಸೈಕ್ಲೋಫಾಸ್ಫಮೈಡ್ ಮಾತ್ರೆ ಕೊಟ್ಟಿದ್ದರೆ ಬೆಳಿಗ್ಗೆಯೇ ನುಂಗಿ. ರಾತ್ರಿ ನುಂಗಿದರೆ ಔಷಧಿ ಮೂತ್ರಕೋಶದಲ್ಲೇ ಉಳಿಯುತ್ತದೆ.

4. ಐಫಾಸ್ಫಮೈಡ್ ಜೊತೆಗೆ, ಪ್ರಮಾಣ ಹೆಚ್ಚಿದ್ದರೆ ಸೈಕ್ಲೋಫಾಸ್ಫಮೈಡ್ ಜೊತೆಗೂ ಮೆಸ್ನಾ ಎಂಬ ಔಷಧಿ ಕೊಡುತ್ತಾರೆ. ಅದು ಅಕ್ರೋಲಿನ್ನನ್ನು ಹಿಡಿದು ನಿರುಪದ್ರವಿ ಮಾಡುತ್ತದೆ. ಅದರ ಒಂದು ಡೋಸನ್ನೂ ತಪ್ಪಿಸಬೇಡಿ.

ಕೆಂಪು ಕಂಡರೆಲ್ಲ ರಕ್ತವೇ?

ಅಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೋರುಬಿಸಿನ್ ಔಷಧಿಯ ಬಣ್ಣವೇ ಕೆಂಪು. ಅದನ್ನು ಹಾಕಿಸಿಕೊಂಡ ಒಂದೆರಡು ದಿನ ಮೂತ್ರ ಕೆಂಪಾಗಿ ಬರಬಹುದು, ಹೆದರಬೇಡಿ. ಆದರೆ ಎರಡು ದಿನ ಕಳೆದರೂ ಕೆಂಪು ಹೋಗದಿದ್ದರೆ, ಉರಿ ನೋವು ಇದ್ದರೆ, ಗೆಡ್ಡೆಗೆಡ್ಡೆಯಾಗಿ ಬಂದರೆ ಅದು ರಕ್ತ ಇರಬಹುದು. ಮುಟ್ಟಿನ ರಕ್ತವೋ ಮೂತ್ರದ್ದೋ ತಿಳಿಯದಿದ್ದರೂ ತೋರಿಸಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

* ಮೂತ್ರದಲ್ಲಿ ರಕ್ತ ಅಥವಾ ರಕ್ತದ ಗೆಡ್ಡೆ ಬಂದಾಗ
* ಮೂತ್ರ ಕಟ್ಟಿಕೊಂಡಾಗ
* ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು ಇದ್ದಾಗ
* ಜ್ವರ 100.4 ಡಿಗ್ರಿ ಮುಟ್ಟಿದಾಗ

ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ಉರಿ ಸೋಂಕಿನಿಂದಲೋ ಕಿಮೋದಿಂದಲೋ ಎಂಬುದು ಮೂತ್ರ ಪರೀಕ್ಷೆಯಿಂದಲೇ ತಿಳಿಯಬೇಕು. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ ರಕ್ತ ಕಂಡರೂ, ಹಿಂದೆ ಸೈಕ್ಲೋಫಾಸ್ಫಮೈಡ್ ತೆಗೆದುಕೊಂಡಿದ್ದನ್ನು ಡಾಕ್ಟರಿಗೆ ಹೇಳಿ.

ಸಂಘದವರು ಏನು ಮಾಡಬಹುದು?

ದೂರದ ಊರುಗಳಿಂದ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುವ ಹೆಂಗಸರು, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಕಿಮೋ ಆದವರಿಗೆ ಇದೇ ದೊಡ್ಡ ಅಪಾಯ. ಸದಸ್ಯೆಯೊಬ್ಬರು ಜೊತೆಗೆ ಹೋಗಲಿ. ಬಸ್ ನಿಲ್ಲಿಸಿ ಎಂದು ಕಂಡಕ್ಟರಿಗೆ ಕೇಳಲು ಕಾಯಿಲೆಯವರಿಗೆ ಸಂಕೋಚ ಇರುತ್ತದೆ, ಜೊತೆಗಿದ್ದವರು ಕೇಳಬಹುದು. ಮನೆಯಲ್ಲಿ ಶೌಚಾಲಯ ಇಲ್ಲದಿದ್ದರೆ ಆ ದಿನಗಳಲ್ಲಿ ಪಕ್ಕದ ಮನೆಯವರು ಬಾಗಿಲು ತೆರೆಯಲಿ. ಕಿಮೋ ಆದ ಎರಡು ದಿನ ಮೂತ್ರ ತಾಗಿದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಒಗೆಯಬೇಕು. ಕಾಯಿಲೆಯವರನ್ನು ದೂರ ಇಡಬೇಕಾಗಿಲ್ಲ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ, ಅಕ್ಕಪಕ್ಕದಲ್ಲಿ ಕಿಮೋ ತೆಗೆದುಕೊಳ್ಳುವವರು ಯಾರಿದ್ದಾರೆ? ಮುಂದಿನ ಸಲ ಅವರ ಜೊತೆ ಹೋಗುವವರು ಯಾರು?