ಸಂಶೋಧನೆಯನ್ನು ಬಿಡುವ ಮುನ್ನ ತಿಳಿಯಬೇಕಾದ ನಿಯಮಗಳು

ವಿಶಾಖಪಟ್ಟಣದಲ್ಲಿ ಪಿಎಚ್.ಡಿ. ಮಾಡುತ್ತಿರುವ ಸೊಸೆ, ವಿಜಯವಾಡದಲ್ಲಿ ಮಗನ ಉದ್ಯೋಗ, ನಡುವೆ ಸುಮಾರು 350 ಕಿಲೋಮೀಟರ್. ಇಂತಹ ಸಂಸಾರದಲ್ಲಿ ಮಗು ಹುಟ್ಟಿದಾಗ ಅಥವಾ ಹಿರಿಯರು ಹಾಸಿಗೆ ಹಿಡಿದಾಗ ಮೊದಲು ನಿಲ್ಲುವುದು ಸಂಶೋಧನೆಯೇ. "ಒಂದೆರಡು ವರ್ಷ ಬಿಟ್ಟು ಮುಂದುವರಿಸಿದರಾಯಿತು" ಎಂದು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನೋಂದಣಿ ಒಮ್ಮೆ ರದ್ದಾದರೆ ಮುಂದುವರಿಸುವುದು ಸುಲಭವಲ್ಲ.

ಕರ್ನಾಟಕದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದಾಗ ಅವರ ಪತಿಯೂ ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ಆ ಅನುಕೂಲ ಎಲ್ಲರಿಗೂ ಒದಗದು. ಉಳಿದವರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್.ಡಿ. ನಿಯಮಗಳು ಕೆಲವು ಆಸರೆಗಳನ್ನು ಕಲ್ಪಿಸಿವೆ.

ಪಿಎಚ್.ಡಿ.ಗೆ ಸಾಮಾನ್ಯ ಗರಿಷ್ಠ ಅವಧಿ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ದೊರೆಯಬಹುದು. ಮಹಿಳೆಯರಿಗೆ ಅದರ ಮೇಲೆ 2 ವರ್ಷಗಳ ಸಡಿಲಿಕೆಗೆ ಅವಕಾಶವಿದ್ದು, ಒಟ್ಟು 10 ವರ್ಷ ಮೀರುವಂತಿಲ್ಲ. ಈ ಇಡೀ ಅವಧಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ನೀಡಬಹುದು. ಶಿಷ್ಯವೇತನ ಕೊಡುವ ಸಂಸ್ಥೆಯ ನಿಯಮ ಬೇರೆಯಿರಬಹುದಾದ್ದರಿಂದ ಅದನ್ನೂ ವಿಚಾರಿಸಿಕೊಳ್ಳಬೇಕು.

ಹೆಚ್ಚಿನವರಿಗೆ ತಿಳಿಯದ ನಿಯಮ ಮತ್ತೊಂದಿದೆ. ಮದುವೆಯಿಂದಾಗಲಿ ಬೇರೆ ಕಾರಣದಿಂದಾಗಲಿ ಸಂಶೋಧಕಿಯು ಊರು ಬದಲಿಸಿದರೆ ತನ್ನ ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ಒಯ್ಯಬಹುದು. ಮೂಲ ಸಂಸ್ಥೆಗೂ ಮಾರ್ಗದರ್ಶಕರಿಗೂ ಸಲ್ಲಬೇಕಾದ ಶ್ರೇಯಸ್ಸನ್ನು ಸಲ್ಲಿಸಬೇಕು, ಅಷ್ಟೆ. ಆದರೆ ಮೂಲ ಸಂಸ್ಥೆಯು ಹೊರಗಿನ ಅನುದಾನದಿಂದ ಪಡೆದ ಯೋಜನೆಯ ಭಾಗವಾಗಿ ಆ ಕೆಲಸ ನಡೆದಿದ್ದರೆ ಈ ಅವಕಾಶವಿಲ್ಲ. ಪ್ರಯೋಗಾಲಯ ವಿಜ್ಞಾನದಲ್ಲಿ ಬಹಳಷ್ಟು ಸಂಶೋಧನೆ ನಡೆಯುವುದೇ ಇಂತಹ ಅನುದಾನದಲ್ಲಿ! ಆದ್ದರಿಂದ ವಿಷಯವನ್ನು ಆರಿಸಿಕೊಳ್ಳುವಾಗಲೇ ಹಣದ ಮೂಲವನ್ನು ಕೇಳಿಕೊಳ್ಳುವುದು ಲೇಸು. (1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಆರಂಭವಾದ ಆಂಧ್ರ ವಿಶ್ವವಿದ್ಯಾಲಯವೇ 1930ರಲ್ಲಿ ವಾಲ್ತೇರಿಗೆ ಸ್ಥಳಾಂತರಗೊಂಡಿತು, ವಿದ್ಯಾರ್ಥಿನಿಯ ಸ್ಥಳಾಂತರಕ್ಕೆ ಷರತ್ತುಗಳು ಹೆಚ್ಚು.)

ನಿಯಮದಲ್ಲಿ ಎರಡು ಕೊರತೆಗಳು ನಮಗೆ ಎದ್ದು ಕಾಣುತ್ತವೆ. ಈ ರಜೆ ಸಂಶೋಧಕಿಗೆ ಮಾತ್ರ. ತಂದೆಯಾದ ಸಂಶೋಧಕನ ಮಾತೇ ಇಲ್ಲ. ಶಿಶುಪಾಲನೆ ತಾಯಿಯೊಬ್ಬಳ ಹೊಣೆಯೆಂಬ ಗ್ರಹಿಕೆ ಇಲ್ಲಿಯೂ ಉಳಿದಿದೆ. ಎರಡನೆಯದಾಗಿ, ವೃದ್ಧ ತಂದೆತಾಯಿಯರ ಶುಶ್ರೂಷೆಯನ್ನು ಆ 240 ದಿನಗಳ ಲೆಕ್ಕಕ್ಕೆ ಸೇರಿಸಿಲ್ಲ. ಪರಭಾಷಾ ಪ್ರಾಂತದಲ್ಲಿ ನೆಲೆಸಿ, ಬಳ್ಳಾರಿಯಲ್ಲೋ ಮೈಸೂರಿನಲ್ಲೋ ಇರುವ ಹಿರಿಯರನ್ನು ನೋಡಿಕೊಳ್ಳಬೇಕಾದ ನಮ್ಮಂತಹ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ಅಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಸರದಿಯಂತೆ ಹೊಣೆ ಹಂಚಿಕೊಳ್ಳದೆ ಗತಿಯಿಲ್ಲ.

ಇದಲ್ಲದೆ, ರಜೆ ಕಾಲಾವಕಾಶವನ್ನು ಕೊಡುತ್ತದೆಯೇ ಹೊರತು ಪ್ರಯೋಗವನ್ನು ನಡೆಸುವುದಿಲ್ಲ. ಸಮುದ್ರದ ನೀರಿನ ಮಾದರಿಯನ್ನು ಆಯಾ ಋತುವಿನಲ್ಲಿಯೇ ಸಂಗ್ರಹಿಸಬೇಕು. ಜೀವಕೋಶಗಳನ್ನು ದಿನವೂ ನೋಡಿಕೊಳ್ಳಬೇಕು. ರಜೆಗೆ ಮೊದಲೇ ಮಾರ್ಗದರ್ಶಕರೊಡನೆ ಕುಳಿತು, ಪ್ರಯೋಗವನ್ನು ಯಾರು ನೋಡಿಕೊಳ್ಳುವರು, ಮನೆಯಲ್ಲಿ ಯಾವ ವಿಶ್ಲೇಷಣೆ ಮತ್ತು ಬರವಣಿಗೆ ಸಾಧ್ಯ ಎಂಬುದನ್ನು ಲಿಖಿತವಾಗಿ ಇಟ್ಟುಕೊಳ್ಳುವುದು ಒಳಿತು.

ಈಗಾಗಲೇ ಸಂಶೋಧನೆಯನ್ನು ಬಿಟ್ಟವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಂತಹವರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002–03ರಲ್ಲಿ ಮಹಿಳಾ ವಿಜ್ಞಾನಿ ಯೋಜನೆಯನ್ನು ಆರಂಭಿಸಿತು. ಅದೇ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮದಡಿ ಪಿಎಚ್.ಡಿ.ಗೂ ಅದರ ನಂತರದ ಸಂಶೋಧನೆಗೂ ಶಿಷ್ಯವೇತನಗಳಿವೆ. ಅರ್ಜಿ ಸಲ್ಲಿಸಲು ಸಂಶೋಧನೆಗೆ ಎಡೆ ಕೊಡುವ ಸಂಸ್ಥೆಯೊಂದು ಬೇಕಾಗುವುದರಿಂದ, ಹಳೆಯ ಮಾರ್ಗದರ್ಶಕರಿಗೆ ಮೊದಲು ಒಂದು ಪತ್ರ ಬರೆಯುವುದು ಸೂಕ್ತ.