ಇನ್ವಾಕಾರ್: ಅಂಗವಿಕಲರ ವಾಹನ ಮತ್ತು ಸುರಕ್ಷತೆಯ ಪ್ರಶ್ನೆ

ವಾಹನವೊಂದು ಸುರಕ್ಷಿತವೇ ಎಂಬುದನ್ನು, ಅದನ್ನು ನಡೆಸುವವರ ದೇಹಸ್ಥಿತಿಯನ್ನು ಗಮನಿಸದೆ ನಿರ್ಣಯಿಸಲಾಗದು. ಬ್ರಿಟನ್ನಿನ ‘ಇನ್ವಾಕಾರ್’ ಎಂಬ ಮೂರು ಚಕ್ರದ ಬಂಡಿಯ ಇತಿಹಾಸವು ಇದಕ್ಕೆ ಸ್ಪಷ್ಟವಾದ ನಿದರ್ಶನ.

ಎರಡನೆಯ ಮಹಾಯುದ್ಧದ ತರುವಾಯ ಬರ್ಟ್ ಗ್ರೀವ್ಸ್ ಎಂಬಾತನು, ಕಾಲುಗಳ ಸ್ವಾಧೀನವಿಲ್ಲದ ತನ್ನ ಬಂಧು ಡೆರಿ ಪ್ರೆಸ್ಟನ್-ಕಾಬ್‌ನಿಗಾಗಿ, ಕೈಗಳಿಂದಲೇ ನಡೆಸಬಹುದಾದ ಮೋಟಾರು ಬಂಡಿಯೊಂದನ್ನು ರೂಪಿಸಿದನು. ಇಂತಹ ಬಂಡಿಗಳನ್ನು ಸರ್ಕಾರವು ಸಾವಿರಾರು ಅಂಗವಿಕಲರಿಗೆ ಉಚಿತವಾಗಿ ಒದಗಿಸಿತು. ಪರರ ನೆರವಿಲ್ಲದೆ ಉದ್ಯೋಗಕ್ಕೆ ಹೋಗಿಬರುವ ಸ್ವಾತಂತ್ರ್ಯವು ಹೀಗೆ ಅವರಿಗೆ ಲಭಿಸಿತು. ಈ ಉಪಕಾರವನ್ನು ನಾವು ಮರೆಯಲಾಗದು.

ಆದರೆ ಬಂಡಿಯ ಮೈ ಹಗುರ. ಮುಂದೆ ಇದ್ದುದು ಒಂದೇ ಚಕ್ರ. ಅಡ್ಡಗಾಳಿ ಬೀಸಿದಾಗ ಅದು ಓಲಾಡುತ್ತಿದ್ದಿತು. ಇದಕ್ಕಿಂತಲೂ ಗಂಭೀರವಾದುದು, ಅದರಲ್ಲಿ ಒಬ್ಬರೇ ಪ್ರಯಾಣಮಾಡಬೇಕೆಂಬ ಕಟ್ಟಳೆ. ನಡುದಾರಿಯಲ್ಲಿ ಎಂಜಿನ್ ಕೆಟ್ಟರೆ ನಡೆಯಬಲ್ಲವನಿಗೆ ಅದು ಬರಿಯ ತೊಂದರೆ. ನಡೆಯಲಾರದ ಒಂಟಿ ಚಾಲಕನಿಗೆ ಅದೇ ವಿಪತ್ತು. ಬೆಂಕಿ ಹೊತ್ತಿಕೊಂಡರಂತೂ ಇಳಿದು ದೂರ ಸರಿಯುವುದೂ ಅವನಿಗೆ ದುಸ್ಸಾಧ್ಯ.

1974ರಲ್ಲಿ ಪ್ರಕಟವಾದ ಲೇಡಿ ಷಾರ್ಪ್ ಅವರ ವರದಿಯು ಬಂಡಿಗಳ ಸ್ಥಾನದಲ್ಲಿ ಕಾರುಗಳನ್ನು ಒದಗಿಸುವಂತೆ ಸೂಚಿಸಿತು. 1977ರಲ್ಲಿ ಸ್ಥಾಪಿತವಾದ ‘ಮೊಟೆಬಿಲಿಟಿ’ ಸಂಸ್ಥೆಯ ಮೂಲಕ, ಅಂಗವಿಕಲರು ತಮ್ಮ ಸಂಚಾರ ಭತ್ಯೆಯಿಂದಲೇ ಸಾಮಾನ್ಯ ಕಾರುಗಳನ್ನು ಪಡೆದು, ಅಗತ್ಯವಿದ್ದಲ್ಲಿ ಕೈ-ನಿಯಂತ್ರಣಗಳನ್ನು ಅಳವಡಿಸಿಕೊಳ್ಳುವುದು ಸಾಧ್ಯವಾಯಿತು. ಉಳಿದಿದ್ದ ಸರ್ಕಾರಿ ಬಂಡಿಗಳನ್ನು 2003ರ ಮಾರ್ಚ್ 31ರ ವೇಳೆಗೆ ರಸ್ತೆಯಿಂದ ಹಿಂತೆಗೆಯಲಾಯಿತು.

ಈ ವೃತ್ತಾಂತದಿಂದ ಒಂದು ತತ್ತ್ವವು ವ್ಯಕ್ತವಾಗುತ್ತದೆ. ಯಂತ್ರಗಳು ಕೆಡುವುದು ಸಹಜ. ಕೆಟ್ಟಾಗ ಚಾಲಕನ ಗತಿಯೇನೆಂಬುದನ್ನು ಮೊದಲೇ ಆಲೋಚಿಸುವುದೇ ಸುರಕ್ಷತೆ. ಇಂತಹ ವಾಹನದಲ್ಲಿ ಜೊತೆಗಾರನಿಗೊಂದು ಆಸನವಿರುವುದು ಬ್ರೇಕಿನಷ್ಟೇ ಮುಖ್ಯವಾದ ರಕ್ಷಣೋಪಾಯವೆಂದು ನಾವು ಭಾವಿಸುತ್ತೇವೆ.